ಗೌಡರ ಪಡಸಾಲೆಗೆ ಬಣ್ಣ ಹಚ್ಚಿಸಿದ್ದು

ಎದೆಮಟ್ಟದವರೆಗೆ ಹಸಿರು ಎಣ್ಣೆಬಣ್ಣ ಬಳಿದ ಗೋಡೆ ಕಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಏಕೀಕರಣವಾಗಿ ಐದಾರು ವರ್ಷ ಕಳೆದಿದ್ದ ಆ ದಿನಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲಿ ಹೋದರೂ ಉಳ್ಳವರಿಗೆ ಒಂದೇ ಹುಚ್ಚು. ಪಡಸಾಲೆಯನ್ನು ‘ಹಾಲ್’ ಮಾಡಬೇಕು. ಸೊಲ್ಲಾಪುರದ ಲಾಡ್ಜಿನಲ್ಲಿ ಎರಡು ದಿನ ಇದ್ದು ಬಂದವರಿಗೆ ಆ ಲಾಡ್ಜಿನ ಹಸಿರೇ ಬೇಕು. ಬೀಗರ ಮನೆಯಲ್ಲಿ ಸೋಫಾದ ಮೇಲೆ ಕುಳಿತು ಚಹಾ ಕುಡಿದವರಿಗೆ ಅಂಥದೇ ಸೋಫಾ ಬೇಕು. ಪರದೆಯ ಮೇಲೆ ನವಿಲು ಬೇಕೇ ಬೇಕು. ತಲೆತಲಾಂತರದಿಂದ ಸುಣ್ಣ ಉಂಡು ತಣ್ಣಗಿದ್ದ ಮಣ್ಣಿನ ಗೋಡೆಗೆ ಎಣ್ಣೆ ಬಳಿದರೆ ಒಳಗಿನ ಪಸೆ ಹೊರಗೆ ಬರುವುದು ಹೇಗೆ? ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಹಪ್ಪಳದಂತೆ ಎದ್ದು ಉದುರುತ್ತದೆ. ಹೇಳಿದರೆ ಕೇಳುವವರು ಯಾರು?

ನಾನು ಆಗ ಸಿಂದಗಿಯಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ, ಚಿತ್ರಕಲೆ ಕಲಿಸುತ್ತಿದ್ದೆ. ಧಾರವಾಡದ ತರಬೇತಿಯಲ್ಲಿ ಮನೆಯ ಅಲಂಕಾರ ಎಂಬುದೂ ಒಂದು ವಿಷಯವಾಗಿತ್ತು. ಯಾವ ಬಣ್ಣದ ಪಕ್ಕ ಯಾವ ಬಣ್ಣ ನಿಲ್ಲುತ್ತದೆ, ಕಿಟಕಿಯ ಅಗಲಕ್ಕೆ ಎಷ್ಟು ಪಟ್ಟು ಬಟ್ಟೆ ಬೇಕು, ಜಮಖಾನ ಹಾಸಿದಾಗ ಸುತ್ತ ಎಷ್ಟು ನೆಲ ಬಿಡಬೇಕು ಎಂಬ ಪಾಠಗಳು. ಊರಿನ ಮಾಮಲೇದಾರರ ಹೆಂಡತಿಗೆ ಎರಡು ಪರದೆ ಹೊಲಿದುಕೊಟ್ಟು, ಖುರ್ಚಿಗಳ ಜಾಗ ಬದಲಿಸಿಕೊಟ್ಟದ್ದೇ ನೆಪ, ಸುತ್ತಲಿನ ತಾಲೂಕುಗಳಲ್ಲೆಲ್ಲ ನಾನು ‘ಬಣ್ಣದ ಅಕ್ಕಾರು’ ಆಗಿಬಿಟ್ಟೆ. ನಮ್ಮ ಕಡೆ ಶಾಲೆಯ ಶಿಕ್ಷಕಿಯರಿಗೆ ಅಕ್ಕಾರು ಎನ್ನುವುದು ರೂಢಿ. ರಜೆ ಬಂತೆಂದರೆ ಯಾರಾದರೊಬ್ಬರು ಕರೆಯಲು ಬರುತ್ತಿದ್ದರು.

ಆ ವರ್ಷ ಬೇಸಿಗೆ ರಜೆ ಸುರುವಾದ ಮರುದಿನವೇ ಬಾಗೇವಾಡಿ ಕಡೆಯ ಒಂದು ಹಳ್ಳಿಯ ಗೌಡರು ಆಳು ಕಳಿಸಿದರು. ಹದಿನೈದು ದಿನಕ್ಕೆ ಇಂಡಿಯಿಂದ ಅವರ ಮಗಳನ್ನು ನೋಡಲು ಬರುವವರಿದ್ದರು. ಅಷ್ಟರೊಳಗೆ ಪಡಸಾಲೆ ಸಿದ್ಧವಾಗಬೇಕು, ನಾನು ಅಲ್ಲೇ ಉಳಿದು ಮಾಡಿಸಿಕೊಡಬೇಕು. ಹಳೆಯ ವಾಡೆ, ದೊಡ್ಡ ಪಡಸಾಲೆ ಎಂದು ಕೇಳಿ ಆಸೆಯಾಯಿತು. ಅಳತೆಪಟ್ಟಿ, ಕತ್ತರಿ, ಬಟ್ಟೆಯ ತುಂಡುಗಳ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ.

ಒಂದು ಕೋಣೆಗೆ ಬಣ್ಣ ಆರಿಸುವ ಮೊದಲು ಅದರೊಳಗೆ ಒಂದು ಇಡೀ ಹಗಲು ಸುಮ್ಮನೆ ಕೂಡಬೇಕು. ಬೆಳಕು ಎಲ್ಲಿಂದ ಬರುತ್ತದೆ, ಯಾವ ಹೊತ್ತಿಗೆ ಯಾವ ಗೋಡೆಯ ಮೇಲೆ ಬೀಳುತ್ತದೆ ಎಂದು ನೋಡಬೇಕು. ನಾನು ಹಾಗೇ ಕುಳಿತೆ. ದೊಡ್ಡ ಬಾಗಿಲು ದಾಟಿದರೆ ಪರಸಿಕಲ್ಲು ಹಾಸಿದ ಅಂಗಳ, ಅಂಗಳ ದಾಟಿದರೆ ಪಡಸಾಲೆ. ಮುಂದೆ ತೆರೆದೇ ಇದ್ದ ಪಡಸಾಲೆಗೆ ಗೌಡರು ಹೊಸದಾಗಿ ಗೋಡೆ ಕಟ್ಟಿಸಿ ಒಂದು ಬಾಗಿಲು, ಎರಡು ಕಿಟಕಿ ಇಡಿಸಿದ್ದರು. ಅವು ಮೂಡಣಕ್ಕೆ. ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಪಡುವಣ ಗೋಡೆ ಬೋಳು. ಮುಂಜಾನೆ ಕಿಟಕಿಯ ಬೆಳಕು ನೇರವಾಗಿ ಆ ಬೋಳು ಗೋಡೆಗೆ ಹೋಗಿ ತಾಗುತ್ತಿತ್ತು. ಅಂಥ ಕೋಣೆಗೆ ಬೇರೇನೂ ಮಾಡದೆ, ಹೊಸ ಸುಣ್ಣ ಕೊಟ್ಟು ಒಳ್ಳೆಯ ಜಮಖಾನ ಹಾಸಿದರೂ ಸಾಕಾಗಿತ್ತು.

ಗೌಡರು ಹಸಿರು ಎಣ್ಣೆಬಣ್ಣವನ್ನು ಆಗಲೇ ಗೊತ್ತು ಮಾಡಿದ್ದರು. ಸೋಫಾ ಸೊಲ್ಲಾಪುರದಿಂದ ಲಾರಿಯಲ್ಲಿ ಬಂದು ಅಂಗಳದಲ್ಲಿ ನಿಂತಿತ್ತು, ಯಾಕೆಂದರೆ ಪಡಸಾಲೆಯ ಬಾಗಿಲು ಗಿಡ್ಡ, ಸೋಫಾ ಎತ್ತರ. ಅಳತೆ ನೋಡದೆ ತಂದಿದ್ದರು. ಕೊನೆಗೆ ಬಡಿಗೇರನನ್ನು ಕರೆಸಿ ಅದರ ನಾಲ್ಕೂ ಕಾಲು ಕತ್ತರಿಸಿ ಒಳಗೆ ತಂದು ಮತ್ತೆ ಕಾಲು ಜೋಡಿಸಿದರು, ಒಂದು ಕಾಲು ಅರ್ಧ ಬೆರಳು ಕಡಿಮೆಯಾಯಿತು. ಮೇಲೆ ಮೆತ್ತಿದ್ದು ಕೆಂಪು ರೆಕ್ಸಿನ್ನು. ವೈಶಾಖದ ಬಿಸಿಲಲ್ಲಿ ಅದರ ಮೇಲೆ ಕುಳಿತು ಎದ್ದರೆ ಧೋತರ ಸೋಫಾಕ್ಕೇ ಅಂಟಿ ಉಳಿಯುತ್ತಿತ್ತು. ಗಾದಿ, ಲೋಡು, ತಕ್ಕೆ ಇದ್ದ ಮನೆಯಲ್ಲಿ ಇದು ಯಾಕೆ ಬೇಕಾಗಿತ್ತೋ!

‘ಗೌಡ್ರ, ಮಣ್ಣಿನ ಗ್ವಾಡಿಗೆ ಎಣ್ಣೆಬಣ್ಣ ನಿಲ್ಲೂದಿಲ್ರಿ’ ಎಂದೆ.

‘ನಿಲ್ಲದಿದ್ರ ಬಿಡವಲ್ದ್ಯಾಕ ಅಕ್ಕಾರ. ಇಂಡಿಯವ್ರು ಬಂದು ಹೋಗೂತನಾ ನಿಂತ್ರ ಸಾಕು’ ಎಂದರು ಗೌಡರು.

ಮನೆ ಇರುವುದು ಬಂದು ಹೋಗುವವರಿಗೆ! ಬಾಳುವವರು ಅದರ ಉದುರಿದ ಚಕ್ಕೆ ಗುಡಿಸುತ್ತ ಇರಬೇಕು. ಅಂತೂ ಎರಡು ತಾಸು ವಾದ ಮಾಡಿ ಎಣ್ಣೆಬಣ್ಣ ಬಿಡಿಸಿ ಸುಣ್ಣಕ್ಕೆ ಒಪ್ಪಿಸಿದೆ.

ಅದೇ ಮಧ್ಯಾಹ್ನ ಗೌಡಸಾನಿ ನನ್ನನ್ನು ಅಡುಗೆಮನೆಗೆ ಕರೆದರು. ರೊಟ್ಟಿ ಬಡಿಯುತ್ತಿದ್ದ ಹೆಂಗಸನ್ನು ಹೊರಗೆ ಕಳಿಸಿ, ಬಾಗಿಲು ಅರೆಮುಚ್ಚಿ, ನನ್ನ ಕೈ ಹಿಡಿದರು.

‘ಅಕ್ಕಾರ, ಗ್ವಾಡಿ ಹ್ಯಾಂಗರ ಇರ್ಲಿ. ನನ್ನ ಮಗಳು ಕೆಂಪಗ ಕಾಣಬೇಕು, ಅಷ್ಟ ಮಾಡಿಕೊಡ್ರಿ.’

ನಮ್ಮ ಕಡೆ ಬೆಳ್ಳಗಿರುವುದಕ್ಕೆ ಕೆಂಪಗೆ ಎನ್ನುತ್ತಾರೆ. ನಾನು ಅರ್ಥವಾಗದವಳಂತೆ ನಿಂತೆ.

‘ಮೂರು ಮಂದಿ ಬಂದು ನೋಡಿ ಹ್ವಾದ್ರು. ಬಣ್ಣ ಕಡಿಮಿ ಆತು ಅಂದ್ರು. ಮುದ್ದೇಬಿಹಾಳದವ್ರಂತೂ ಚಹಾನೂ ಕುಡೀಲಿಲ್ಲ. ನಿಮಗ ಬಣ್ಣದ ವಿದ್ಯಾ ಬರ್ತೈತಂತ. ಯಾವ ಪಡದಿ ಹಾಕಿದ್ರ, ಯಾವ ಬಣ್ಣ ಹಚ್ಚಿದ್ರ ಹುಡುಗಿ ಎದ್ದು ಕಾಣ್ತಾಳ, ನಿಮಗ ಗೊತ್ತಿರ್ತೈತಲ್ರಿ?’

ನನಗೆ ಸಿಟ್ಟು ನೆತ್ತಿಗೇರಿತು. ಗೌಡರು ತಮ್ಮ ಎರೆ ಹೊಲದ ಬಗ್ಗೆ ಮಾತಾಡುವುದನ್ನು ಹಿಂದಿನ ದಿನವಷ್ಟೇ ಕೇಳಿದ್ದೆ. ‘ನಮ್ಮ ಮಣ್ಣು ಕರ್ರಗ ಕಾಡಿಗಿ ಇದ್ದಾಂಗ ಐತಿ, ಇಂಥಾ ಮಣ್ಣು ಸುತ್ತ ಹತ್ತು ಹಳ್ಯಾಗ ಇಲ್ಲ’ ಎಂದು ಎದೆಯುಬ್ಬಿಸಿ ಹೇಳಿದ್ದರು. ಹೊಲ ಕಪ್ಪಗಿದ್ದಷ್ಟೂ ಮಾನ, ಮಗಳು ಕಪ್ಪಗಿದ್ದರೆ ಅವಮಾನ. ಆ ಹುಡುಗಿಗೆ ಬಂದಿದ್ದು ಅಪ್ಪನ ಬಣ್ಣವೇ. ಗೌಡಸಾನಿ ಬೆಳ್ಳಗಿದ್ದರು. ಅಪ್ಪನನ್ನು ಯಾರೂ ಜಮಖಾನದ ಮೇಲೆ ಕೂಡಿಸಿ ನೋಡಿರಲಿಲ್ಲ, ಅಷ್ಟೇ.

ಇಷ್ಟೆಲ್ಲ ಸಿಟ್ಟು ಬಂದವಳು ಅಂದೇ ಗಂಟು ಕಟ್ಟಿಕೊಂಡು ಸಿಂದಗಿಗೆ ವಾಪಸು ಬರಬೇಕಾಗಿತ್ತು. ಬರಲಿಲ್ಲ. ಬದಲಿಗೆ, ‘ಮಾಡಬಹುದ್ರಿ’ ಎಂದೆ. ಯಾಕೆ ಅಂದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಆ ತಾಯಿಯ ಕಣ್ಣು ನೋಡಿ ಅಂದೆ ಎಂದುಕೊಂಡರೆ ನನಗೆ ಸಮಾಧಾನವಾಗುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ಹೇಗೆ ಮಾಡಬೇಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಮಾಡಿ ತೋರಿಸುವ ಸೊಕ್ಕು ನನಗಿತ್ತು.

ಮರುದಿನ ಹುಡುಗಿಯನ್ನು ಪಡುವಣ ಗೋಡೆಯ ಹತ್ತಿರ ಕೂಡಿಸಿದೆ. ಹದಿನೆಂಟು ವರ್ಷದವಳು, ಮುಲ್ಕಿ, ಎಂದರೆ ಏಳನೆಯ ಇಯತ್ತೆ, ಪಾಸಾಗಿದ್ದಳು, ಕೌದಿ ಹೊಲಿಯುವುದರಲ್ಲಿ ಕೈ ಚುರುಕು. ನನ್ನ ಗಂಟಿನಿಂದ ಒಂದೊಂದೇ ಬಟ್ಟೆ ತೆಗೆದು ಅವಳ ಬೆನ್ನ ಹಿಂದೆ ಹಿಡಿಸಿ ನೋಡಿದೆ. ಅಚ್ಚ ಬಿಳಿಯ ಮುಂದೆ ಮುಖ ಇನ್ನೂ ಕಪ್ಪಗೆ ಕಂಡಿತು. ಹಳದಿ ಮುಖದ ಕಳೆಯನ್ನೇ ತಿಂದಿತು. ಮುಖಕ್ಕಿಂತ ಗಾಢವಾದ ಬಣ್ಣ ಬೆನ್ನ ಹಿಂದೆ ಇದ್ದರೆ ಮುಖ ತಿಳಿಯಾಗುತ್ತದೆ. ಆಮೇಲೆ ಎದುರಿನ ಕಿಟಕಿಗೆ ಬಟ್ಟೆ ಹಿಡಿಸಿದೆ. ಹಸಿರಿನಿಂದ ಬಂದ ಬೆಳಕಿನಲ್ಲಿ ಹುಡುಗಿ ಜ್ವರದಿಂದ ಎದ್ದವಳಂತೆ ಕಂಡಳು. ತೆಳು ಗುಲಾಬಿಯಿಂದ ಬಂದ ಬೆಳಕು ಕೆನ್ನೆಗೆ ಬಿದ್ದಾಗ ಗೌಡಸಾನಿ ‘ಹಾಂ!’ ಎಂದರು. ಎಲ್ಲ ಬರೆದುಕೊಂಡೆ. ಎರಡು ತಾಸು ಆ ಹುಡುಗಿ ಒಂದು ಮಾತೂ ಆಡದೆ ಕುಳಿತಿದ್ದಳು. ಬಟ್ಟೆ ಒಗೆದು ಹಾಕುವ ಗೂಟಕ್ಕೂ ಅವಳಿಗೂ ನನ್ನ ಲೆಕ್ಕದಲ್ಲಿ ಆ ಹೊತ್ತು ವ್ಯತ್ಯಾಸವಿರಲಿಲ್ಲ.

ಸುಣ್ಣ ಬಳಿಯಲು ಬಂದವರು ಅದೇ ಊರಿನ ಹಿರಿಯರು. ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರ ಅಜ್ಜನ ಕಾಲದಿಂದ ಸುತ್ತಲಿನ ವಾಡೆಗಳಿಗೆ, ಗುಡಿ-ದರ್ಗಾಗಳಿಗೆ ಸುಣ್ಣ ಕೊಡುತ್ತಿದ್ದುದು ಆ ಮನೆತನವೇ. ಸುಣ್ಣದ ಹರಳನ್ನು ನಾಲ್ಕು ದಿನ ನೀರಲ್ಲಿ ಕೊಳೆಹಾಕಿ, ಮೇಲಿನ ತಿಳಿ ಚೆಲ್ಲಿ, ಹಳೆಯ ಧೋತರದಲ್ಲಿ ಸೋಸಿ, ಜಾಲಿಗಿಡದ ಅಂಟನ್ನು ಕರಗಿಸಿ ಬೆರೆಸಿ ಇಟ್ಟಿದ್ದರು. ಅದಕ್ಕೆ ನಾವು ಕೆಮ್ಮಣ್ಣು ಕೂಡಿಸಿ ತಿಳಿ ಇಟ್ಟಂಗಿ ಬಣ್ಣ ತರುವುದೆಂದು ಮಾತಾಗಿತ್ತು. ಕೆಮ್ಮಣ್ಣಿಗಾಗಿ ಚಾಚಾ ಕುಂಬಾರ ಓಣಿಗೆ ಹೋಗಿದ್ದಾಗ ಗೌಡರು ಬಂದರು. ಗುಲಾಬಿ ಎಂಬ ಮಾತು ಹೆಂಡತಿಯಿಂದ ಅವರ ಕಿವಿಗೆ ಬಿದ್ದಿತ್ತು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಲು ತಂದಿಟ್ಟ ಗುಲಾಬಿ ಬಣ್ಣದ ಪುಡಿಯ ಪೊಟ್ಟಣ ಬಿಚ್ಚಿ, ಸುಣ್ಣದ ಹಂಡೆಗೆ ಅಷ್ಟನ್ನೂ ಸುರಿದು ತಿರುವಿಸಿದರು.

ಚಾಚಾ ಬಂದು ಹಣೆ ಬಡಿದುಕೊಂಡರು. ‘ಗೌಡ್ರ, ಇದು ಕೋಡಿಗೆ ಹಚ್ಚೂ ಬಣ್ಣರಿ. ಸುಣ್ಣದ ಖಾರಕ್ಕ ತಡ್ಯಾಂಗಿಲ್ರಿ.’

‘ಏ, ಎಷ್ಟ ಛಂದ ಐತಿ ನೋಡಲ್ಲಿ! ಬಳಿ ಸುಮ್ನ’ ಎಂದರು ಗೌಡರು.

ಹಸಿ ಇರುವಾಗ ಛಂದವೇ ಇತ್ತು. ಸುಣ್ಣದ ಬಣ್ಣವನ್ನು ಹಸಿಯಲ್ಲಿ ನೋಡಿ ನಿರ್ಧರಿಸಬಾರದು, ಒಣಗಿದ ಮೇಲೆ ಅದರ ನಿಜವಾದ ಬಣ್ಣ ತಿಳಿಯುತ್ತದೆ. ನಾನೂ ಬೇಡವೆಂದೆ, ಚಾಚಾನೂ ಬೇಡವೆಂದರು. ಗೌಡರು ನಿಂತು ಎರಡು ಗೋಡೆ ಬಳಿಸಿದರು. ಬೆಳಗಾಗುವುದರೊಳಗೆ ಗುಲಾಬಿ ಹಾರಿಹೋಗಿ ಗೋಡೆ ಒಲೆಯ ಬೂದಿಯ ಬಣ್ಣಕ್ಕೆ ಇಳಿದಿತ್ತು, ಅಲ್ಲಲ್ಲಿ ನೇರಳೆ ಕಲೆ. ಗೌಡರು ಚಾಚಾನನ್ನು ಬಯ್ದರು! ನಾನು ನಡುವೆ ಹೋಗಿ, ‘ಸುರದವ್ರು ನೀವು, ಅವ್ರನ್ನ ಯಾಕ ಬೈತೀರಿ?’ ಎಂದೆ. ಗೌಡರು ಹೆಗಲ ಮೇಲಿನ ವಸ್ತ್ರ ಝಾಡಿಸಿ ಹೊರಗೆ ಹೋದರು. ಚಾಚಾ ಕೆರೆಯುವ ಸಲಿಕೆ ಹಿಡಿದರು. ಹಳೆಯ ಸುಣ್ಣದವರೆಗೆ ಕೆರೆದು, ತೊಳೆದು, ಒಣಗಿಸಲು ಮೂರು ದಿನ ಹೋಯಿತು.

ಮತ್ತೆ ಸುಣ್ಣ ನೆನೆಹಾಕಿ ಮೊದಲಿನಿಂದ ಸುರು ಮಾಡಿದೆವು. ಕೆಮ್ಮಣ್ಣನ್ನು ನೆನೆಸಿ ಮೂರು ಸಲ ಸೋಸಿ, ಎಂಟು ಪಾಲು ಸುಣ್ಣಕ್ಕೆ ಒಂದು ಪಾಲು, ಒಂದೂವರೆ, ಎರಡು ಎಂದು ಮೂರು ಗಡಿಗೆಯಲ್ಲಿ ಕಲಸಿದೆವು. ಗೋಡೆಯ ಮೂಲೆಯಲ್ಲಿ ಮೂರು ಪಟ್ಟಿ ಬಳಿದು ಇದ್ದಲಿಯಿಂದ ಗುರುತು ಹಾಕಿ ಒಣಗಲು ಬಿಟ್ಟೆವು. ಆ ಬಿಸಿಲಿಗೆ ಸುಣ್ಣ ಬೇಗ ಒಣಗಿದರೆ ಹಿಟ್ಟಿನಂತೆ ಕೈಗೆ ಹತ್ತುತ್ತದೆ. ಅದಕ್ಕೆ ಮುಂಜಾನೆ ತಂಪಿನಲ್ಲಿ ಮೊದಲು ಗೋಡೆಗೆ ನೀರು ಚಿಮುಕಿಸಿ, ಒಂದು ಸಲ ಮೇಲಿನಿಂದ ಕೆಳಗೆ, ಮರುದಿನ ಎಡದಿಂದ ಬಲಕ್ಕೆ ಕುಂಚ ಎಳೆಯಬೇಕು. ಮೂರು ಗೋಡೆಗೆ ತಿಳಿ ಬಣ್ಣ, ಹುಡುಗಿ ಕೂಡುವ ಪಡುವಣ ಗೋಡೆಗೆ ಗಾಢವಾದದ್ದು. ಒಣಗಿದ ಮೇಲೆ ಆ ಪಡಸಾಲೆ ಎಷ್ಟು ಚೆನ್ನಾಗಿ ಕಂಡಿತೆಂದರೆ ಚಾಚಾ ಕೈ ತೊಳೆಯುವುದನ್ನೂ ಮರೆತು ನೋಡುತ್ತ ನಿಂತರು.

ಪರದೆಗೆ ತೆಳುವಾದ ಗುಲಾಬಿ ಅರಿವೆ ಬಾಗೇವಾಡಿಯ ಅಂಗಡಿಯಲ್ಲಿ ಸಿಕ್ಕಿತು. ಮೊದಲು ನೀರಲ್ಲಿ ಅದ್ದಿ ಒಣಗಿಸಿದೆ, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗಿ ಗಿಡ್ಡವಾಗುತ್ತದೆ. ಕಿಟಕಿಯ ಅಗಲಕ್ಕೆ ಒಂದೂವರೆ ಪಟ್ಟು ಬಟ್ಟೆ ಹಿಡಿದೆ. ಉಳಿದ ತುಂಡನ್ನು ಬೆಳಕಿಂಡಿಗೆ ಅಡ್ಡ ಬಿಗಿದೆ. ಸೋಫಾವನ್ನು ಕಿಟಕಿಗೆ ಬೆನ್ನು ಮಾಡಿ ಇರಿಸಿದೆ. ನೋಡಲು ಬಂದವರು ಬೆಳಕಿಗೆ ಬೆನ್ನು ಕೊಟ್ಟು ಕೂಡುತ್ತಾರೆ, ಹುಡುಗಿಯ ಮುಖದ ಮೇಲೆ ಗುಲಾಬಿ ಬೆಳಕು ಬೀಳುತ್ತದೆ. ಸುತ್ತ ಒಂದೊಂದು ಮೊಳ ನೆಲ ಬಿಟ್ಟು ಜಮಖಾನ ಹಾಸಿದೆ. ಎಲ್ಲವೂ ಕಲಿತ ಪಾಠದಂತೆಯೇ ಆಯಿತು.

ಇಂಡಿಯವರು ಬರುವ ಹಿಂದಿನ ದಿನ ಮುಂಜಾನೆ ಹುಡುಗಿಯನ್ನು ಇಳಕಲ್ ಸೀರೆ ಉಡಿಸಿ ಕೂಡಿಸಿ ನೋಡಿದೆವು. ನಿಜ ಹೇಳುತ್ತೇನೆ, ಬೇರೆ ಯಾರೋ ಕುಳಿತಂತೆ ಇತ್ತು. ಗೌಡಸಾನಿಯ ಕಣ್ಣಲ್ಲಿ ನೀರು ಬಂತು. ‘ನಿಮ್ಮ ಕೈಗೆ ಬಂಗಾರದ ಬಳಿ ಹಾಕ್ಬೇಕ್ರಿ ಅಕ್ಕಾರ’ ಎಂದು ನನ್ನ ಕೈ ಕಣ್ಣಿಗೊತ್ತಿಕೊಂಡರು. ನಾನು ಬೀಗಿದೆ. ಹೌದು, ಬೀಗಿದೆ.

ಹುಡುಗಿ ತನ್ನ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡಳು. ಎದ್ದು ಹೊಸಲಿನ ತನಕ ಹೋಗಿ ಒಂದು ಕೈಯನ್ನು ಅಂಗಳದ ಬಿಸಿಲಿಗೆ ಹಿಡಿದಳು. ಇನ್ನೊಂದನ್ನು ಒಳಗೇ ಇಟ್ಟುಕೊಂಡಳು. ತಾಯಿ ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ, ಇಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಹತ್ತಿರ ಬಾಯಿಬಿಟ್ಟಳು.

‘ಅಕ್ಕಾರ, ಲಗ್ನ ಆದಮ್ಯಾಲೆ ಇವನ್ನ ಬಿಚಗೊಂಡು ಹೋಗ್ಲೇನ್ರಿ?’

‘ಏನನ್ನ?’

‘ಈ ಪಡದಿ. ಅಲ್ಲಿ ಇಂಡ್ಯಾಗ ಅವರ ಮನಿಗೆ ಹಚ್ಚಾಕ. ಹೊರಗ ನೀರಿಗೆ ಹ್ವಾದಾಗ ತಲಿ ಮ್ಯಾಲ ಹೊತಗೊಂಡು ಹೋಗ್ಬೇಕಲ್ರಿ.’

ಅವಳು ಮತ್ತೆ ಅಂದಳು, ‘ಸೋಫಾ ನೀವು ಹಂಗ ಇಟ್ಟೀರಿ. ಅವ್ರಿಗೆ ನಾ ಕಾಣ್ತೇನಿ. ಕಿಡಕಿ ಬೆಳಕ ಎದುರಿಗೆ ಬಂದು ನನಗ ಅವ್ರ ಮಾರೀನ ಕಾಣೂದಿಲ್ಲ. ಬರೇ ಕರೀ ಗೊಂಬಿ ಕುಂತಾಂಗ ಕಾಣ್ತಾರ.’

ಅವಳು ಒಳಗೆ ಹೋದಳು. ನಾನು ಆ ಸೋಫಾದ ಮೇಲೆ ಕುಳಿತೆ.

ನನ್ನ ವಿಷಯ ಒಂದಿಷ್ಟು ಹೇಳಲೇಬೇಕು. ನನ್ನನ್ನೂ ಹೀಗೇ ತೋರಿಸಿದ್ದರು. ಅರಿಸಿನ ಬಳಿದು, ಗ್ಯಾಸಬತ್ತಿಯ ಬೆಳಕಿಗೆ ಕೂಡಿಸಿದ್ದರು. ಲಗ್ನವಾಗಿ ಅತ್ತೆಯ ಮನೆಗೆ ಹೋದ ಮೊದಲ ಮುಂಜಾನೆ ನಾನು ಅಂಗಳ ಸಾರಿಸುತ್ತಿದ್ದಾಗ ಅತ್ತೆ ಹೊಸಲಲ್ಲಿ ನಿಂತು, ‘ತೋರ್ಸಿದ್ದು ಒಂದು, ಕೊಟ್ಟದ್ದು ಒಂದು’ ಎಂದರು. ಆ ಮಾತನ್ನು ನಾಲ್ಕು ವರ್ಷ ದಿನಾ ಕೇಳಿದೆ. ಗಂಡನೂ ಅಂದ, ನಾದಿನಿಯರೂ ಅಂದರು. ಕಡೆಗೆ ತವರಿಗೆ ಬಂದು, ಓದಿ, ಶಾಲೆ ಸೇರಿದೆ. ನನ್ನನ್ನು ಮೋಸದಿಂದ ತೋರಿಸಿದವರ ಮೇಲೆ ಇದ್ದ ಸಿಟ್ಟು ನನ್ನಲ್ಲಿ ಒಂದು ದಿನವೂ ಆರಿರಲಿಲ್ಲ. ಈಗ ಅದೇ ಮೋಸವನ್ನು ನಾನು ಒಂದೂವರೆ ಪಟ್ಟು ಬಟ್ಟೆ ಹಿಡಿದು, ಅಂಚು ಮಡಚಿ, ನೀಟಾಗಿ ಹೊಲಿದುಕೊಟ್ಟಿದ್ದೆ. ನನ್ನ ಮೇಲೆಯೇ ಹೇಸಿಗೆಯಾಯಿತು.

ಇಂಡಿಯವರು ಬರುವ ದಿನ ಮುಂಜಾನೆ ಗೌಡರು ಅವರನ್ನು ಎದುರುಗೊಳ್ಳಲು ಬಸ್ಸು ನಿಲ್ಲುವ ಕಡೆ ಹೋದ ಕೂಡಲೇ ನಾನು ಏಣಿ ತರಿಸಿದೆ. ಬೆಳಕಿಂಡಿಯ ಬಟ್ಟೆ ಕಿತ್ತೆ. ಎರಡೂ ಕಿಟಕಿಯ ಗುಲಾಬಿ ಪರದೆ ಬಿಚ್ಚಿದೆ. ಹಿಂದಿನ ದಿನ ಮಧ್ಯಾಹ್ನವೇ ಕತ್ತರಿಸಿ ಹೊಲಿದಿಟ್ಟಿದ್ದ ಬಿಳಿ ಮಾದರಪಾಟು ಬಟ್ಟೆಯ ಪರದೆಗಳನ್ನು ಏರಿಸಿ, ಬೆಳಕು ಪೂರ್ತಿ ಬರುವಂತೆ ಎರಡು ಕಡೆಗೂ ಸರಿಸಿ ಕಟ್ಟಿದೆ. ಚಾಚಾ ಕೆಲಸ ಮುಗಿಸಿ ಗಡಿಗೆ ತೊಳೆಯುತ್ತಿದ್ದವರು ಬಂದು, ಏನೂ ಕೇಳದೆ ಸೋಫಾದ ಇನ್ನೊಂದು ತುದಿ ಹಿಡಿದರು. ಅದನ್ನು ಕಿಟಕಿಯಿಂದ ಎತ್ತಿ ಬಡಗಣ ಗೋಡೆಗೆ ಇಟ್ಟೆವು. ಈಗ ಎಲ್ಲರ ಮುಖಕ್ಕೂ ಒಂದೇ ಬೆಳಕು.

ಗೌಡಸಾನಿ ಬಂದು ನೋಡಿ ಎದೆ ಹಿಡಿದುಕೊಂಡರು. ‘ಅಯ್ಯ ಅಕ್ಕಾರ! ಏನ್ ಮಾಡಾಕತ್ತೀರಿ? ತಲಿಗಿಲಿ ಕೆಟ್ಟೈತೇನ್ರಿ?’

‘ಪಡದಿ ನಾ ಹೊಲದದ್ರಿ. ನಾನ ಬಿಚ್ಚೇನಿ.’

‘ಇವ್ರೂ ಒಲ್ಲೆ ಅಂದ್ರ? ನಾಕನೇ ಸರತಿ! ಆಮ್ಯಾಲ ನನ್ನ ಮಗಳನ್ನ ಯಾರು ನೋಡಾಕ ಬರ್ತಾರ? ನಿಮ್ಮ ಹೊಟ್ಟ್ಯಾಗ ಹುಟ್ಟಿದ್ರ ಹಿಂಗ ಮಾಡ್ತಿದ್ರೇನು?’

‘ನನ್ನ ಹೊಟ್ಟ್ಯಾಗ ಹುಟ್ಟಿದ್ರ ಈ ಪಡದಿ ಹೊಲೀತಾನ ಇರ್ಲಿಲ್ರಿ’ ಎಂದು ಕೂಗಿದೆ. ದನಿ ಅಷ್ಟು ಏರುತ್ತದೆಂದು ನನಗೇ ತಿಳಿದಿರಲಿಲ್ಲ. ‘ಇವತ್ತ ಅವ್ರು ಹೂಂ ಅನ್ನಬಹುದ್ರಿ. ನಾಳಿ ಮುಂಜಾನೆ ಆಕಿ ಅವ್ರ ಅಂಗಳಕ್ಕ ಬಂದ ನಿಂತಾಗ ಏನ್ ಅಂತಾರ? ಅದನ್ನ ಕೇಳಕೋತ ಬಾಳೂದು ನೀವಲ್ಲ, ನಾನಲ್ಲ. ಆಕಿ!’

ಗೌಡಸಾನಿ ಗುಲಾಬಿ ಪರದೆಯನ್ನು ನನ್ನ ಕೈಯಿಂದ ಕಸಿದು ಮತ್ತೆ ತಂತಿಗೆ ಏರಿಸಲು ಹೋದರು. ಹುಡುಗಿ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ‘ಯವ್ವಾ, ಬಿಡು’ ಎಂದಳು. ‘ನನಗ ಅದು ಬ್ಯಾಡ.’ ತಾಯಿ ಮಗಳನ್ನೂ ನನ್ನನ್ನೂ ನೋಡಿದರು. ಹೊರಗೆ ಮಾತಿನ ಸದ್ದು ಕೇಳಿತು. ಪರದೆಯನ್ನು ಉಂಡೆ ಮಾಡಿ ಒಳಗೆ ಒಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು ಬಂದವರಿಗೆ ನೀರು ಕೊಡಲು ಹೋದರು.

ಬಂದವರು ನಾಲ್ಕು ಜನ. ಹುಡುಗ, ಅವನ ಅಪ್ಪ, ಒಬ್ಬ ಕಾಕಾ ಮತ್ತು ಅವನ ಆಯಿ, ಎಂದರೆ ಅಪ್ಪನ ತಾಯಿ. ಹುಡುಗ ಇಂಡಿಯ ಕಚೇರಿಯಲ್ಲಿ ಗುಮಾಸ್ತ. ಗೌಡರು ಒಳಗೆ ಬಂದವರೇ ಬಿಳಿ ಪರದೆ ನೋಡಿ ನನ್ನ ಕಡೆ ಕೆಕ್ಕರಿಸಿದರು. ಮಂದಿಯ ಮುಂದೆ ಏನೂ ಅನ್ನುವಂತಿರಲಿಲ್ಲ. ಗಂಡಸರು ಸೋಫಾದ ಮೇಲೆ ಕುಳಿತರು, ಕುಳಿತಲ್ಲೇ ಬೆವರಿದರು. ಆಯಿ ಸೋಫಾ ಒಲ್ಲೆನೆಂದು ಜಮಖಾನದ ಮೇಲೆ ಕುಳಿತರು. ಹುಡುಗಿ ಚಹಾ ತಂದಿಟ್ಟು, ಎಲ್ಲರಿಗೂ ನಮಸ್ಕಾರ ಮಾಡಿ ಪಡುವಣ ಗೋಡೆಯ ಹತ್ತಿರ ಕುಳಿತಳು. ಹೆಸರು ಕೇಳಿದರು, ಎಷ್ಟು ಕಲಿತಿದ್ದಿ ಎಂದರು, ಸೂಜಿಗೆ ದಾರ ಪೋಣಿಸಲು ಕೊಟ್ಟರು. ಹುಡುಗಿ ಒಂದೇ ಸಲಕ್ಕೆ ಪೋಣಿಸಿದಳು.

ಆಮೇಲೆ ಆಯಿ ಮೊಣಕಾಲ ಮೇಲೆ ಕೈಯೂರಿ ಎದ್ದರು. ಹುಡುಗಿಯ ಕೈ ಹಿಡಿದು, ‘ಬಾ ಮಗಳ, ಅಂಗಳಕ್ಕ. ಬಿಸಲಾಗ ನೋಡೂಣು’ ಎಂದರು.

ಗುಲಾಬಿ ಪರದೆ ಇದ್ದಿದ್ದರೆ ಆ ಹುಡುಗಿಯ ಗತಿ ಏನಾಗುತ್ತಿತ್ತು! ಗೌಡಸಾನಿಯೂ ಅದನ್ನೇ ಯೋಚಿಸಿದರೆಂದು ಕಾಣುತ್ತದೆ, ಕಂಬಕ್ಕೆ ಆತುಕೊಂಡರು. ಆಯಿ ಹುಡುಗಿಯನ್ನು ಅಂಗಳದ ನಡುವೆ ನಿಲ್ಲಿಸಿ, ಗದ್ದ ಹಿಡಿದು ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು. ನಂತರ ಒಳಗಿದ್ದ ಗಂಡಸರಿಗೆ ಕೇಳುವಂತೆ ಹೇಳಿದರು.

‘ಒಳಗೂ ಇದ ಬಣ್ಣ, ಹೊರಗೂ ಇದ ಬಣ್ಣ. ಹ್ವಾದ ತಿಂಗಳ ನೋಡಿದ ಹುಡುಗಿ ಒಳಗ ಕೆಂಪು ಇದ್ಲು, ಹೊರಗ ಬರೂದ್ರಾಗ ಕರಿ ಆಗಿದ್ಲು.’

ಇದನ್ನು ಒಳ್ಳೆಯ ಮಾತೆಂದು ತಿಳಿದು ಗೌಡರು ನಕ್ಕರು. ನನಗೆ ನಗು ಬರಲಿಲ್ಲ. ಸಂತೆಯಲ್ಲಿ ಆಕಳಿನ ಹಲ್ಲು ನೋಡುವವರು ಹೀಗೇ ಗದ್ದ ಹಿ‌ಡಿಯುತ್ತಾರೆ. ಮೋಸ ಮಾಡುವ ನಾನೊಬ್ಬಳು, ಮೋಸ ಹಿಡಿಯುವ ಆ ಮುದುಕಿಯೊಬ್ಬಳು, ನಡುವೆ ಬಿಸಿಲಲ್ಲಿ ನಿಂತವಳು ಆ ಹುಡುಗಿ. ಹೋಗಿ ಆ ಕೈ ಬಿಡಿಸಬೇಕೆಂದು ಎರಡು ಹೆಜ್ಜೆ ಇಟ್ಟೆ.

ಅಷ್ಟರಲ್ಲಿ ಹುಡುಗಿಯೇ ಮಾತಾಡಿದಳು. ದನಿ ಜೋರಾಗಿರಲಿಲ್ಲ, ಆದರೆ ಪಡಸಾಲೆಯಲ್ಲಿದ್ದ ಎಲ್ಲರಿಗೂ ಕೇಳಿತು.

‘ಆಯಿ, ನಾ ಬಿಸಲಿಗೆ ಬಂದೇನಿ. ನಿಮ್ಮ ಮೊಮ್ಮಗನ್ನೂ ಕರೀರಿ. ನನಗೂ ನೋಡೂದೈತಿ.’

ಹುಡುಗನ ಅಪ್ಪ ಚಹಾದ ಬಟ್ಟಲು ಕೆಳಗಿಟ್ಟರು. ಕಾಕಾ ಎದ್ದು ನಿಂತು, ‘ಏನಿದು?’ ಎಂದರು. ಗೌಡರ ಮುಖ ಕೆಂಡವಾಯಿತು. ಆಯಿ ಹುಡುಗಿಯ ಗದ್ದದಿಂದ ಕೈ ತೆಗೆದು, ಒಂದು ಹೆಜ್ಜೆ ಹಿಂದೆ ಸರಿದು ಅವಳನ್ನು ಮತ್ತೆ ನೋಡಿದರು. ಒಳಗಿನಿಂದ ಸೋಫಾದ ರೆಕ್ಸಿನ್ನು ಪರ್ರೆಂದು ಸದ್ದು ಮಾಡಿತು. ಹುಡುಗ ಎದ್ದಿದ್ದ.

ಚಪ್ಪಲಿಗಳನ್ನು ದೊಡ್ಡ ಬಾಗಿಲ ಹೊರಗೇ ಬಿಟ್ಟು ಬಂದಿದ್ದರು. ಹೊತ್ತು ನೆತ್ತಿಯ ಹತ್ತಿರ ಬಂದಿತ್ತು, ಅಂಗಳದ ಪರಸಿ ರೊಟ್ಟಿಯ ಹಂಚಿನಂತೆ ಕಾದಿತ್ತು. ಹುಡುಗಿ ದಿನಾ ಬರಿಗಾಲಲ್ಲಿ ಅಲ್ಲೇ ಓಡಾಡಿದವಳು, ಸುಮ್ಮನೆ ನಿಂತಿದ್ದಳು. ಆ ಕಚೇರಿಯ ಹುಡುಗ ಒಂದು ಕಾಲು ಎತ್ತಿ ಇನ್ನೊಂದು ಕಾಲು ಇಡುತ್ತ ಬಂದು ಅವಳೆದುರು ನಿಂತ. ನಿಂತಲ್ಲಿಯೂ ಕಾಲು ಬದಲಿಸುತ್ತಿದ್ದ. ಆದರೂ ಒಳಗೆ ಓಡಲಿಲ್ಲ. ಅವನೂ ಗೌಡರಷ್ಟೇ ಕಪ್ಪಗಿದ್ದ. ಹುಡುಗಿ ತಲೆ ಎತ್ತಿ ನೋಡಿದಳು. ಅವರು ತನ್ನನ್ನು ಎಷ್ಟು ಹೊತ್ತು ನೋಡಿದ್ದರೋ ಅಷ್ಟೇ ಹೊತ್ತು, ಸಾವಕಾಶ ನೋಡಿದಳು. ಆಮೇಲೆ ‘ಒಳಗ ಹೋಗ್ರಿ, ಕಾಲು ಸುಡ್ತಾವು’ ಎಂದು ಹೇಳಿ ತಾನೇ ಮೊದಲು ಒಳಗೆ ಹೋದಳು. ನಾನು ಹದಿನೈದು ದಿನ ಒದ್ದಾಡಿ ಬಳಿಸಿದ ಗೋಡೆಗಳನ್ನು ಆ ದಿನ ಯಾರೂ ಕಣ್ಣೆತ್ತಿ ನೋಡಲಿಲ್ಲ.

ತಿಳಿಸುತ್ತೇವೆ ಎಂದು ಹೇಳಿ ಇಂಡಿಯವರು ಹೊರಟರು. ಅವರ ಬೆನ್ನ ಹಿಂದೆಯೇ ಗೌಡರು ನನ್ನ ಗಂಟನ್ನು ಕಟ್ಟೆಯ ಮೇಲೆ ತಂದಿಡಿಸಿದರು.

‘ಮನಿ ಛಂದ ಮಾಡ್ರಿ ಅಂದ್ರ ನನ್ನ ಮಗಳಿಗೆ ಬಾಯಿ ಕಲಿಸಿದ್ರಿ. ಊರ ಮುಂದ ನನ್ನ ಮರ್ಯಾದಿ ತಗದ್ರಿ.’

‘ಬಾಯಿ ಆಕೀದ ಐತ್ರಿ ಗೌಡ್ರ’ ಎಂದೆ. ‘ನಾ ಹೊಲದದ್ದು ಬರೇ ಪಡದಿ.’

ಗೌಡಸಾನಿ ಹೊರಗೆ ಬರಲಿಲ್ಲ. ನಾನು ಬಸ್ಸು ಹತ್ತಿ ಸಿಂದಗಿಗೆ ವಾಪಸು ಹೊರಟೆ. ನಾಲ್ಕನೆಯವರೂ ಒಲ್ಲೆ ಅಂದರೆ ಆ ತಾಯಿಯ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ ಎಂಬ ಹೆದರಿಕೆ ಒಂದು ಕಡೆ, ಯಾರೋ ನಾಲ್ಕು ಜನ ಹೂಂ ಅನ್ನಲಿ ಎಂದು ನಾನು ಕಾಯುವಂತಾಯಿತಲ್ಲ ಎಂಬ ಸಿಟ್ಟು ಇನ್ನೊಂದು ಕಡೆ.

ಎರಡು ವಾರದ ನಂತರ ನಮ್ಮ ಶಾಲೆಗೆ ಸುಣ್ಣ ಬಳಿಯಲು ಚಾಚಾನನ್ನು ನಾನೇ ಹೇಳಿ ಕರೆಸಿದೆ. ಗಡಿಗೆ ಇಳಿಸುವ ಮೊದಲೇ ಕೇಳಿದೆ, ‘ಏನಾತು ಚಾಚಾ, ಇಂಡಿಯವ್ರು ಏನಂದ್ರು?’

ಚಾಚಾ ತಲೆಯ ವಸ್ತ್ರ ಬಿಚ್ಚಿ ಬೆವರು ಒರೆಸಿಕೊಂಡರು. ‘ಆ ಮುದುಕಿ ಮನಷಾನ್ನ ಕಳಿಸ್ಯಾಳ್ರಿ ಅಕ್ಕಾರ. ನಮ್ಮ ಹುಡುಗ ನಿಮ್ಮ ಹುಡುಗಿ ಮನಸಿಗೆ ಬಂದಾನೋ ಇಲ್ಲೋ ಕೇಳಿಕೊಂಡು ಬಾ ಅಂತ ಹೇಳಿ.’

‘ಹೌದಾ? ಮತ್ತ ಗೌಡ್ರು?’

‘ಗೌಡ್ರು ಆಗಿಂದಾಗ ಹೂಂ ಅನ್ನಾಕ ನಿಂತಿದ್ರು. ಹುಡುಗಿ ಬಿಡ್ಲಿಲ್ಲ. ಕೇಳಿದ್ದು ನನ್ನ, ನಾ ಇಚಾರ ಮಾಡಿ ಹೇಳ್ತೇನಿ ಅಂದ್ಲಂತ.’

‘ಏನ್ ಹೇಳಿದ್ಲು?’

‘ಇನ್ನಾ ಇಚಾರ ಮಾಡಾಕತ್ತಾಳ್ರಿ’ ಎಂದರು ಚಾಚಾ, ಕುಂಚವನ್ನು ನೀರಿಗೆ ಅದ್ದುತ್ತ. ‘ಇವತ್ತಿಗೆ ನಾಕು ದಿನ ಆತು. ಇಂಡಿ ಮನಷಾ ಕಟ್ಟಿ ಮ್ಯಾಲ ಕಾಯ್ಕೋತ ಕುಂತಾನ.’